ಲಾಕರ್ ಸಾಹೇಬರ ಗುಟ್ಟಿನ ಖಾತೆ

ಊರವರ ಒಡವೆ ವಸ್ತುಗಳನ್ನೆಲ್ಲ ಬ್ಯಾಂಕಿನ ನೆಲಮಾಳಿಗೆಯಲ್ಲಿ ಕಾಯುವ ಮನುಷ್ಯನಿಗೆ ತನ್ನ ಮನೆಯ ಕಂಪ್ಯೂಟರೇ 'ನೀನು ಒಳಗೆ ಬರಬೇಡ' ಎಂದರೆ ಹೇಗಾಗಬೇಡ, ನೀವೇ ಹೇಳಿ. ಆ ಭಾನುವಾರ ಬೆಳಿಗ್ಗೆ ನಮ್ಮ ಲಾಕರ್ ಸಾಹೇಬರಿಗೆ ಹಾಗೇ ಆಯಿತು. (ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಆದರೆ ಬ್ಯಾಂಕಿನ ಲಾಕರ್ ವಿಭಾಗಕ್ಕೆ ಹೋದ ಮೇಲೆ ಸಹೋದ್ಯೋಗಿಗಳು, ನೆರೆಯವರು, ಕೊನೆಗೆ ಸ್ವಂತ ಭಾವಮೈದುನನೂ ಅದನ್ನು ಮರೆತುಬಿಟ್ಟರು.)

ಅಂದು ಅವರ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ದಿನ. ಸಂಜೆ ಹತ್ತಿರದವರನ್ನು ಊಟಕ್ಕೆ ಕರೆದಿದ್ದರು. ಊಟಕ್ಕೆ ಮುಂಚೆ ಗೋಡೆಗೆ ಬಿಳಿ ಚಾದರ ಕಟ್ಟಿ, ಅದರ ಮೇಲೆ ಇಪ್ಪತ್ತೈದು ವರ್ಷದ ಫೋಟೋಗಳನ್ನು ಒಂದೊಂದಾಗಿ ತೋರಿಸಿ ಹೆಂಡತಿಯನ್ನು ದಂಗುಬಡಿಸಬೇಕೆಂಬುದು ಸಾಹೇಬರ ಘನ ಯೋಜನೆ. ಹೆಂಡತಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಅವಳು ಸಂಜೆ ಮಕ್ಕಳಿಗೆ ಪಾಠ ಹೇಳಲು ಹೋದಾಗಲೆಲ್ಲ ಸಾಹೇಬರು ಕಪಾಟಿನಿಂದ ಹಳೆಯ ಆಲ್ಬಂ ಇಳಿಸಿ, ಫೋಟೋಗಳನ್ನು ಫೋನಿನಲ್ಲಿ ಹಿಡಿದು, ಕಂಪ್ಯೂಟರಿಗೆ ತುಂಬಿಸಿ, ಸಾಲಾಗಿ ಜೋಡಿಸುತ್ತಿದ್ದರು. ಫೋಲ್ಡರಿಗೆ 'ಲಾಕರ್ ನಿಯಮಾವಳಿ' ಎಂದು ಹೆಸರಿಟ್ಟಿದ್ದರು. ಆ ಹೆಸರಿನ ಫೋಲ್ಡರನ್ನು ಬದುಕಿರುವ ಯಾವ ಮನುಷ್ಯನೂ ಕುತೂಹಲದಿಂದ ತೆರೆಯಲಾರ ಎಂಬುದು ಅವರ ಲೆಕ್ಕಾಚಾರ. ಅದು ತಪ್ಪೂ ಅಲ್ಲ ಅನ್ನಿ.

ಫೋಟೋಗಳ ಆಯ್ಕೆಯಲ್ಲಿ ಮಾತ್ರ ಸಾಹೇಬರು ತಮ್ಮ ಘನತೆಗೆ ಕುಂದು ಬರದ ಹಾಗೆ ನೋಡಿಕೊಂಡಿದ್ದರು. ಸೂಟು ಹಾಕಿದ ಸಾಹೇಬರು, ಬ್ಯಾಂಕಿನಲ್ಲಿ ಫಲಕ ಸ್ವೀಕರಿಸುತ್ತಿರುವ ಸಾಹೇಬರು, ಕಾರಿನ ಪಕ್ಕದಲ್ಲಿ ಸಾಹೇಬರು (ಕಾರು ಪಕ್ಕದ ಮನೆಯವರದು), ಮತ್ತು ಅಲ್ಲಲ್ಲಿ, ಊಟದೆಲೆಯ ಮೇಲಿನ ಉಪ್ಪಿನಕಾಯಿಯಷ್ಟು, ಹೆಂಡತಿ. ಹೆಂಡತಿಯ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಇಡೀ ಏರ್ಪಾಡೇ ಅವಳಿಗಾಗಿ. ಆದರೆ ಕ್ಯಾಮೆರಾ ಕಂಡಾಗ ಮುಂದೆ ಬರುವವರು ಯಾವಾಗಲೂ ಇವರೇ ಆಗಿದ್ದರೆ ಬೇರೇನು ತಾನೇ ಸಿಗುತ್ತದೆ?

ಭಾನುವಾರ ಬೆಳಿಗ್ಗೆ ಕೊನೆಯ ಸಲ ನೋಡಿಬಿಡೋಣವೆಂದು ಊಟದ ಕೋಣೆಯ ಮೂಲೆಯಲ್ಲಿದ್ದ ಕಂಪ್ಯೂಟರಿನ ಮುಂದೆ ಕುಳಿತರು. ತಮ್ಮ ಖಾತೆಯನ್ನು ಒತ್ತಿ, ಒಂದೇ ಬೆರಳಿನಿಂದ ಪಾಸ್‌ವರ್ಡ್ ಕುಟ್ಟಿದರು. ಪರದೆ ಒಂದು ಸುತ್ತು ಯೋಚಿಸಿ, 'ಬಳಕೆದಾರರ ಖಾತೆ ತೆರೆಯಲು ಸಾಧ್ಯವಾಗುತ್ತಿಲ್ಲ' ಎಂದಿತು.

ಸಾಹೇಬರು ಮತ್ತೆ ಕುಟ್ಟಿದರು. ಅದೇ ಉತ್ತರ. ಆರಿಸಿ ಹಾಕಿದರು. ಮಾನಿಟರಿನ ಬೆನ್ನು ತಟ್ಟಿದರು. ಕೀಬೋರ್ಡನ್ನು ಬೋರಲು ಹಾಕಿ ಕೊಡವಿದಾಗ ಎಂದೋ ತಿಂದ ಬಿಸ್ಕತ್ತಿನ ಪುಡಿಯೆಲ್ಲ ಉದುರಿತೇ ಹೊರತು ಖಾತೆ ತೆರೆಯಲಿಲ್ಲ. ಪಕ್ಕದಲ್ಲೇ ಹೆಂಡತಿಯ ಹೆಸರಿನ ಖಾತೆ, ಏನೂ ಆಗದವರಂತೆ, ಒಂದು ಹೂವಿನ ಚಿತ್ರ ಹೊತ್ತು ಕುಳಿತಿತ್ತು.

"ಏನ್ರೀ ಅದು ಬೆಳಿಗ್ಗೆ ಬೆಳಿಗ್ಗೆ ಕುಟ್ಟೋ ಸದ್ದು?" ಅಡುಗೆಮನೆಯಿಂದ ಪ್ರಶ್ನೆ ಬಂತು.

"ಏನಿಲ್ವೇ! ಧೂಳು ಹೊಡೀತಿದ್ದೆ!"

"ನೀವಾ?"

ಆ ಒಂದು ಪದದಲ್ಲಿ ಇಪ್ಪತ್ತೈದು ವರ್ಷದ ಅನುಭವವಿತ್ತು. ಸಾಹೇಬರು ಫೋನು ಹಿಡಿದು ಬಚ್ಚಲುಮನೆ ಸೇರಿ, ಚಿಲಕ ಹಾಕಿ, ನಲ್ಲಿ ಬಿಟ್ಟು, ಭಾವಮೈದುನನಿಗೆ ಕರೆ ಮಾಡಿದರು. ಹೆಂಡತಿಯ ತಮ್ಮನಾದ ಈತನಿಗೆ ಕಂಪ್ಯೂಟರು ಗೊತ್ತು. ಸಂಜೆಯ ಗುಟ್ಟೂ ಗೊತ್ತು. ಪ್ರೊಜೆಕ್ಟರ್ ತರುವವನೂ ಅವನೇ.

"ಭಾವ, ಏನದು ಜಲಪಾತದ ಸದ್ದು? ಪ್ರವಾಸ ಹೋಗಿದೀರಾ?"

"ತಮಾಷೆ ಆಮೇಲೆ ಮಾಡಯ್ಯ. ನನ್ನ ಖಾತೆ ತೆಗೀತಾ ಇಲ್ಲ. ಫೋಟೋ ಎಲ್ಲಾ ಒಳಗಿದೆ. ನನ್ನ ಮಾನ ಹೋಗತ್ತೆ!"

ಪರದೆಯ ಮೇಲೆ ಏನು ಬಂತೆಂದು ಹೇಳಿಸಿಕೊಂಡು ಭಾವಮೈದುನ ನಿರಾಳವಾಗಿ ನಕ್ಕ. "ಫೋಟೋಗೆ ಏನೂ ಆಗಿರಲ್ಲ, ಹೆದರ್ಬೇಡಿ. ಖಾತೆ ಕೆಟ್ಟಿದೆ ಅಷ್ಟೇ. ಮನೇಲಿ ಸಾಮಾನೆಲ್ಲ ಹಾಗೇ ಇದೆ, ಬಾಗಿಲು ಮಾತ್ರ ಸಿಕ್ಕಾಕ್ಕೊಂಡಿದೆ ಅನ್ಕೊಳ್ಳಿ. ಕೆಲಸ ನಡೀತಿರೋವಾಗ ಯಾರಾದ್ರೂ ಪ್ಲಗ್ ಕಿತ್ರೆ ಹೀಗಾಗತ್ತೆ. ಕಿತ್ರಾ?"

"ನಾನು? ಯಾವತ್ತಾದ್ರೂ ಶಿಸ್ತು ಬಿಟ್ಟಿದೀನೇನಯ್ಯ?"

"ಸರಿ ಬಿಡಿ. ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಒಳಗೆ ಹೋಗಿ ನಿಮಗೊಂದು ಹೊಸ ಖಾತೆ ಮಾಡೋದು, ಹಳೇದರಲ್ಲಿರೋ ಫೈಲೆಲ್ಲ ಹೊಸದಕ್ಕೆ ಕಾಪಿ ಮಾಡೋದು. ಮುಗೀತು."

"ಅಡ್ಮಿನಿಸ್ಟ್ರೇಟರ್ ಅಂದ್ರೆ ಯಜಮಾನ ತಾನೇ? ಅದು ನಾನೇ ಅಲ್ವೇನಯ್ಯ?"

ಬಕೆಟ್ಟು ತುಂಬಿ ನೀರು ಹರಿಯತೊಡಗಿತು.

"ಅಲ್ಲ ಭಾವ. ಅಕ್ಕ."

ಕಂಪ್ಯೂಟರ್ ಕೊಂಡ ದಿನ ಸಾಹೇಬರು ಅಂಗಡಿಯವನ ಜೊತೆ ಒಂದು ಚೀಲವನ್ನು ಪುಕ್ಕಟೆ ಕೊಡಬೇಕೆಂದು ಜಗಳವಾಡುತ್ತಿದ್ದಾಗ, ಮೊದಲ ಖಾತೆಗೆ ಹೆಸರು ಬರೆದವಳು ಹೆಂಡತಿ. ಮೊದಲು ಬರೆದವರೇ ಯಜಮಾನರು. ಸಾಹೇಬರಿಗೆ ಚೀಲ ಸಿಕ್ಕಿತ್ತು, ಅವಳಿಗೆ ಸಿಂಹಾಸನ. ಇಷ್ಟು ವರ್ಷ ಈ ಮನೆಯಲ್ಲಿ ತಾನು ಬರೀ 'ಸಾಮಾನ್ಯ ಬಳಕೆದಾರ' ಎಂಬ ಸತ್ಯ ಒದ್ದೆ ನೆಲದ ಮೇಲೆ ನಿಂತ ಸಾಹೇಬರಿಗೆ ಅರಿವಾಯಿತು. (ನೆರೆಹೊರೆಯವರಿಗೆ ಇದು ಮೊದಲೇ ಗೊತ್ತಿತ್ತು.)

ಈಗ ಬೆಕ್ಕಿಗೆ ಗಂಟೆ ಕಟ್ಟುವುದು ಹೇಗೆ? ಬ್ಯಾಂಕಿನಲ್ಲಾದರೆ ಒಂದು ಲಾಕರಿಗೆ ಎರಡು ಕೀಲಿ, ಒಂದು ಗ್ರಾಹಕರದು, ಇನ್ನೊಂದು ಸಾಹೇಬರದು. ಇಲ್ಲಿ ಇದ್ದ ಒಂದೇ ಕೀಲಿಯೂ ಯಾರಿಂದ ಗುಟ್ಟು ಮುಚ್ಚಿಡಬೇಕೋ ಅವಳ ಸೆರಗಿನಲ್ಲಿ. ಸಾಹೇಬರು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

"ನೋಡೇ, ಬ್ಯಾಂಕಿನದು ಒಂದಿಷ್ಟು ಕಾಗದ ಪತ್ರ ಕಂಪ್ಯೂಟರಲ್ಲಿದೆ. ನನ್ನ ಖಾತೆ ಯಾಕೋ ಕೆಟ್ಟಿದೆ. ನಿನ್ನ ಖಾತೆಯಿಂದ ಒಂದು ಸ್ವಲ್ಪ..."

"ಅದಕ್ಕೇನು, ಬನ್ನಿ," ಎಂದಳು ಹೆಂಡತಿ. ಕೈ ಒರೆಸಿಕೊಂಡು, ಸುಲಿಯಬೇಕಿದ್ದ ಬೆಳ್ಳುಳ್ಳಿಯ ತಟ್ಟೆ ಹಿಡಿದು ಬಂದು ಕುಳಿತೂಬಿಟ್ಟಳು.

ಒಂದು ಸೋಪಿನ ಡಬ್ಬಿ ಎಲ್ಲಿ ಹೋಯಿತು ಎಂದು ಕೇಳಿದರೆ ಒಂಬತ್ತು ಮರುಪ್ರಶ್ನೆ ಹಾಕುವ ಹೆಂಗಸು ಒಂದೂ ಪ್ರಶ್ನೆ ಹಾಕದೆ ಬಂದಳೆಂದರೆ, ಅನುಮಾನ ಪಡಬೇಕಾದದ್ದು ಅಲ್ಲೇ. ಆದರೆ ಕುಂಬಳಕಾಯಿ ಕಳ್ಳನಿಗೆ ತನ್ನ ಹೆಗಲು ಮುಟ್ಟಿ ನೋಡಿಕೊಳ್ಳುವುದರಲ್ಲೇ ಪುರಸೊತ್ತಿರಲಿಲ್ಲ.

ಫೋನಿನಲ್ಲಿ ಭಾವಮೈದುನ ಹೇಳುತ್ತ ಹೋದ, ಹೆಂಡತಿ ಒತ್ತುತ್ತ ಹೋದಳು. ಹೊಸ ಖಾತೆ ತಯಾರಾಯಿತು. "ಪಾಸ್‌ವರ್ಡ್ ಹಾಕಿ. ನಾನು ನೋಡಲ್ಲಪ್ಪ, ಆ ಕಡೆ ತಿರುಗ್ತೀನಿ," ಎಂದು ಧರ್ಮವಂತೆಯಂತೆ ಗೋಡೆಗೆ ಮುಖ ಮಾಡಿದಳು. ಸಾಹೇಬರು ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದರು. ಹಳೆಯದೇ ಪಾಸ್‌ವರ್ಡ್, ಅವರಿಗೆ ಎರಡನೆಯದು ನೆನಪಿರುವುದಿಲ್ಲ. ಗೋಡೆ ನೋಡುತ್ತಿದ್ದ ಹೆಂಡತಿಯ ಭುಜ ಯಾಕೋ ಸ್ವಲ್ಪ ಕುಲುಕಿತು. ಕೆಮ್ಮಿರಬೇಕು ಎಂದುಕೊಂಡರು ಸಾಹೇಬರು.

ಇನ್ನು ಫೈಲುಗಳ ವರ್ಗಾವಣೆ. ಹಳೆಯ ಖಾತೆಯ ಫೋಲ್ಡರು ತೆರೆಯುತ್ತಿದ್ದಂತೆ ಸಾಹೇಬರು ಅಂಗೈಯಿಂದ ಪರದೆ ಮುಚ್ಚಿದರು.

"ಕಣ್ಣು ಮುಚ್ಕೋ!"

"ಯಾಕ್ರೀ?"

"ಗ್ರಾಹಕರ ಗೌಪ್ಯತೆ! ಇದರಲ್ಲಿ ದೊಡ್ಡ ದೊಡ್ಡವರ ವಿಷಯ ಇರತ್ತೆ."

"ಅಯ್ಯೋ, ದೊಡ್ಡವರಾ! ಹಾಗಿದ್ರೆ ನನಗ್ಯಾಕೆ ಬೇಕು," ಎಂದು ಹೆಂಡತಿ ಕಣ್ಣು ಮುಚ್ಚಿ, ಮಡಿಲಿನ ತಟ್ಟೆಯಲ್ಲಿದ್ದ ಬೆಳ್ಳುಳ್ಳಿಯನ್ನು ಮುಚ್ಚಿದ ಕಣ್ಣಿನಲ್ಲೇ ಸುಲಿಯತೊಡಗಿದಳು. ಭಾವಮೈದುನ ಹೇಳಿದಂತೆ ಸಾಹೇಬರೇ ಕಾಪಿ ಒತ್ತಿದರು. ಪರದೆಯ ಮೇಲೆ ಹಸಿರು ಪಟ್ಟಿ ಬಸವನಹುಳುವಿನಂತೆ ತೆವಳಿತು. ಅರ್ಧಕ್ಕೆ ಬಂದು ನಿಂತಿತು. ಸಂಜೆ ಬರುವ ನೆಂಟರು, ಬ್ಯಾಂಕಿನ ಮ್ಯಾನೇಜರು, ಖಾಲಿ ಚಾದರ, ಅದರ ಮುಂದೆ ಖಾಲಿ ಕೈಯಲ್ಲಿ ನಿಂತ ತಾವು, ಎಲ್ಲ ಸಾಹೇಬರ ಕಣ್ಣಿಗೆ ಕಟ್ಟಿತು. ಇಪ್ಪತ್ತೈದು ವರ್ಷದಲ್ಲಿ ಹೆಂಡತಿಗಾಗಿ ಯೋಚಿಸಿ ಮಾಡಿದ್ದು ಇದೊಂದೇ, ಇದೂ ನೀರುಪಾಲಾದರೆ? ಅಷ್ಟರಲ್ಲಿ ಪಟ್ಟಿ ಒಮ್ಮೆ ಮೈಮುರಿದು ಮುಂದೆ ಸರಿದು ತುಂಬಿಕೊಂಡಿತು. ಹೊಸ ಖಾತೆ ತೆರೆದರೆ ಅಲ್ಲಿ 'ಲಾಕರ್ ನಿಯಮಾವಳಿ' ಕಣ್ಣು ಮಿಟುಕಿಸುತ್ತ ಕುಳಿತಿತ್ತು. ಬಗ್ಗಿ, ಮೈಯಿಂದ ಮರೆಮಾಡಿ, ಮೊದಲ ಫೋಟೋ ತೆರೆದು ನೋಡಿದರು. ಮದುವೆಯ ಫೋಟೋ! ಸರಿಯಾಗಿದೆ. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ನೋಡಿದ್ಯಾ? ಎಂಥಾ ತೊಡಕಿದ್ರೂ ಬಿಡಿಸ್ತೀನಿ," ಎಂದರು ಎದೆ ಉಬ್ಬಿಸಿ.

"ನೋಡ್ಲಿಲ್ಲ, ಕಣ್ಣು ಮುಚ್ಕೊಂಡಿದ್ದೆ," ಎಂದಳು ಹೆಂಡತಿ.

ಸಂಜೆ ಹಜಾರ ತುಂಬಿತು. ಸಾಹೇಬರು ಸೂಟು ತೊಟ್ಟು, ದೀಪ ಆರಿಸಿ, ಕಂಠ ಗಂಭೀರ ಮಾಡಿಕೊಂಡು, "ಇದು ನನ್ನ ಶ್ರೀಮತಿಗೆ ನನ್ನ ಕಿರುಕಾಣಿಕೆ. ಅವಳಿಗೆ ಇದರ ಸುಳಿವೂ ಇಲ್ಲ," ಎಂದು ಸಾರಿದರು. ಭಾವಮೈದುನ ಪ್ರೊಜೆಕ್ಟರ್ ಹಾಕಿದ. ಮದುವೆಯ ಫೋಟೋ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಮುಂದಿನದು," ಎಂದರು ಸಾಹೇಬರು ಚಾದರಕ್ಕೆ ಬೆನ್ನು ಹಾಕಿಕೊಂಡೇ, "ಬ್ಯಾಂಕಿನ ಸೇವೆಯಲ್ಲಿ ನಾನಿರುವ ಅಪೂರ್ವ ಕ್ಷಣ."

ಹಜಾರ ಒಮ್ಮೆಗೇ ಹೋ ಎಂದಿತು. ತಿರುಗಿ ನೋಡಿದರೆ ಚಾದರದ ತುಂಬ ಸಾಹೇಬರು, ಆರಾಮಕುರ್ಚಿಯಲ್ಲಿ, ಬ್ಯಾಂಕಿನ ಕೀಲಿಗೊಂಚಲನ್ನು ಹೊಟ್ಟೆಯ ಮೇಲೆ ಅಪ್ಪಿಕೊಂಡು, ಒಂದು ಪುಟ್ಟ ಲಾಕರಿಗೆ ಸಾಲುವಷ್ಟು ಬಾಯಿ ತೆರೆದು ನಿದ್ರಿಸುತ್ತಿದ್ದರು. ಅದರ ನಂತರ, ಮನೆಯ ಕೀಲಿ ಕಳೆದುಕೊಂಡು ಸ್ವಂತ ಗೇಟು ಹತ್ತಲು ಹೋಗಿ ಪ್ಯಾಂಟು ಸಿಕ್ಕಿಹಾಕಿಕೊಂಡು ನೇತಾಡುತ್ತಿರುವ ಸಾಹೇಬರು. (ಬಿಡಿಸುವ ಮುನ್ನ ಒಳಗೆ ಓಡಿ ಕ್ಯಾಮೆರಾ ತಂದವಳು ಯಾರೆಂದು ಬೇರೆ ಹೇಳಬೇಕಾಗಿಲ್ಲ.) ಅದರ ನಂತರ, ಭಾವಮೈದುನನ ಹಸುಗೂಸನ್ನು ನೋಟಿನ ಪೆಟ್ಟಿಗೆಯಂತೆ ಎರಡೂ ಕೈ ಮುಂದೆ ಚಾಚಿ ಹಿಡಿದ ಸಾಹೇಬರು. ಸೂಟಿನ ಫೋಟೋ ಒಂದೂ ಇಲ್ಲ. ಫಲಕವೂ ಇಲ್ಲ. ಪಕ್ಕದ ಮನೆಯ ಕಾರೂ ಇಲ್ಲ. ಮ್ಯಾನೇಜರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಕೊನೆಯ ಫೋಟೋ ಬಂದಾಗ ಮಾತ್ರ ನಗು ಮೆಲ್ಲಗೆ ಇಳಿಯಿತು. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಕೆಪ್ಪಟರಾಯ ಆಗಿ ಕೆನ್ನೆ ಎರಡೂ ಊದಿಕೊಂಡಿದ್ದವು. ಗಲ್ಲದಿಂದ ನೆತ್ತಿಗೆ ಬಟ್ಟೆ ಕಟ್ಟಿಕೊಂಡು ನಗುತ್ತಿರುವ ಆ ಫೋಟೋ ಸಾಹೇಬರಿಗೆ ಬಹಳ ಇಷ್ಟವೆಂದು ಅದನ್ನು ಸೇರಿಸಿದ್ದರು. ಆದರೆ ಅದರ ಅರ್ಧವನ್ನು ಕತ್ತರಿಸಿ ತೆಗೆದಿದ್ದರು. ಈಗ ಚಾದರದ ಮೇಲೆ ಆ ಅರ್ಧವೂ ಇತ್ತು. ಹೆಂಡತಿಯನ್ನು ನಗಿಸಲೆಂದು ತಾನೂ ಅಂಥದೇ ಬಟ್ಟೆ ಕಟ್ಟಿಕೊಂಡು, ಕೆನ್ನೆ ಉಬ್ಬಿಸಿ ಪಕ್ಕದಲ್ಲಿ ಕುಳಿತ ಒಬ್ಬ ತೆಳ್ಳನೆಯ ಹುಡುಗ. ಅವನಿಗೆ ಆಗಿನ್ನೂ ಸಾಹೇಬನಾಗುವುದು ತಿಳಿದಿರಲಿಲ್ಲ.

ದೀಪ ಹತ್ತಿತು. ಸಾಹೇಬರು ಹೆಂಡತಿಯ ಹತ್ತಿರ ಸರಿದು ಪಿಸುಗುಟ್ಟಿದರು. "ಇದು... ನೀನಾ?"

"ಆಲ್ಬಂ ತಲೆಕೆಳಗಾಗಿ ಇಟ್ಟಿದ್ರಲ್ಲ, ಅವತ್ತೇ ಗೊತ್ತಾಯ್ತು. ಆ ಸೂಟಿನೋರನ್ನ ನಾನು ಮದುವೆ ಆಗಿಲ್ಲಪ್ಪ. ಗೇಟಿಗೆ ನೇತಾಡ್ತಿದ್ರಲ್ಲ, ಅವರನ್ನ ಆಗಿದ್ದು. ನಿನ್ನೆ ಎಲ್ಲಾ ಬದಲಾಯಿಸಿ ಮುಗಿಸ್ತಿದ್ದೆ, ನೀವು ಬೇಗ ಬಂದ್ಬಿಟ್ರಿ. ಗೇಟಿನ ಸದ್ದು ಕೇಳಿ ಗಾಬರಿಯಾಗಿ ಪ್ಲಗ್ ಕಿತ್ತೆ."

"ಕಿತ್ತವಳು ನೀನಾ! ಅದಿರ್ಲಿ, ಒಳಗೆ ಹೇಗೆ ಹೋದೆ? ನನ್ನ ಪಾಸ್‌ವರ್ಡ್ ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲ!"

"ಗುಬ್ಬಚ್ಚಿ, ಮುಂದೆ ನಮ್ಮನೆ ನಂಬರು," ಎಂದಳು ಹೆಂಡತಿ. "ಕುಟ್ಟೋವಾಗ ಒಂದೊಂದೂ ಬಾಯಲ್ಲಿ ಹೇಳ್ಕೊಂಡು ಕುಟ್ತೀರಿ. ಅಡುಗೆಮನೆವರೆಗೂ ಕೇಳಿಸತ್ತೆ."

ಸಾಹೇಬರ ಕಿವಿ ಕೆಂಪಾಯಿತು. ಹೊಸದರಲ್ಲಿ ಹೆಂಡತಿಯನ್ನು ಕರೆಯುತ್ತಿದ್ದ ಹೆಸರು ಅದು. ಜನರೆದುರು ಹಾಗೆ ಕರೆಯಲು ಸಂಕೋಚವಾಗಿ ಯಾವಾಗಲೋ ಬಿಟ್ಟಿದ್ದರು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬಾಯಿ ಮುಚ್ಕೊಂಡು ಕುಟ್ತಿದ್ರಿ. ಆಮೇಲೆ ಆ ಹೆಸರು ಮತ್ತೆಲ್ಲಿ ಕೇಳ್ಲಿ?" ಎಂದು ಹೆಂಡತಿ ಬಡಿಸಲು ಎದ್ದುಹೋದಳು. ಸಾಹೇಬರಿಗೆ ಅಂದು ಎರಡು ತುತ್ತು ಹೆಚ್ಚೇ ಸೇರಿತು.

ಆದರೂ ಲಾಕರ್ ವಿಭಾಗದ ಮನುಷ್ಯನಿಗೆ ಮರ್ಯಾದೆ ಎಂಬುದು ಒಂದಿದೆಯಲ್ಲ. ಮರುದಿನ ಬೆಳಿಗ್ಗೆ ಬ್ಯಾಂಕಿಗೆ ಹೊರಡುವ ಮುನ್ನ ಕಂಪ್ಯೂಟರಿನ ಮುಂದೆ ಕುಳಿತರು. ಬ್ರಹ್ಮನಿಗೂ ಊಹಿಸಲಾಗದ ಹೊಸ ಪಾಸ್‌ವರ್ಡ್ ಇಡಬೇಕೆಂದು ಬಹಳ ಹೊತ್ತು ಯೋಚಿಸಿದರು. ಏನೇ ಯೋಚಿಸಿದರೂ ಬೆರಳು ಹಳೆಯ ದಾರಿಯನ್ನೇ ಹಿಡಿಯುತ್ತಿತ್ತು. ಕೊನೆಗೆ ಮನೆಯ ನಂಬರಿನ ಬದಲು ಮದುವೆಯ ವರ್ಷ ಹಾಕಿದರಾಯಿತು, ಯಾರಿಗೆ ಹೊಳೆಯುತ್ತದೆ ಎಂದುಕೊಂಡು, ತುಟಿ ಬಿಗಿಹಿಡಿದು, ಒಂದೊಂದೇ ಕುಟ್ಟಿ ಮುಗಿಸಿದರು. ತುಟಿಯಿಂದ ಗಾಳಿಯೂ ಹೊರಗೆ ಹೋಗಿಲ್ಲವೆಂದು ಅವರಿಗೆ ಖಾತ್ರಿಯಿತ್ತು.

"ರೀ," ಅಡುಗೆಮನೆಯಿಂದ ಯಜಮಾನರ ದನಿ ಬಂತು, "ನಾವು ಮದುವೆ ಆಗಿದ್ದು ಅದರ ಹಿಂದಿನ ವರ್ಷ!"