ಅಳಿಯನ ಬೆನ್ನು, ಮಗಳ ಪಾದ

ಕಲಬುರಗಿಯ ಶಹಾಬಜಾರದ ಓಣಿಯಲ್ಲಿ ನನ್ನಷ್ಟು ನೆಟ್ಟಗೆ ನಡೆಯುವವರು ಇನ್ನೊಬ್ಬರಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಬೆನ್ನುಹುರಿ ಕಾಯುವ ಮೂವತ್ಮೂರು ಮಣಿಗಳನ್ನೂ ಹೆಸರು ಹಿಡಿದು ಕರೆಯಬಲ್ಲೆ. (ಹೆಂಡತಿಯ ಕಡೆಯ ನೆಂಟರ ಹೆಸರುಗಳೇ ನೆನಪಿರುವುದಿಲ್ಲ.)

ಹೆಂಡತಿ ರಾಜೇಶ್ರೀ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಒದ್ದರೆ ಬೆನ್ನಿನ ಉಳುಕು ಬಿಡುತ್ತದೆಂದು ಅವಳ ತವರು ಕಮಲಾಪುರದಲ್ಲಿ ಗಟ್ಟಿ ನಂಬಿಕೆ. ಅವಳು ಅಂಗಳಕ್ಕೆ ಇಳಿದರೆ ಸಾಕು, ಬೋರಲು ಮಲಗಲು ಜನ ಸಿದ್ಧರಿದ್ದರು. ಮದುವೆಯಾದ ಮೇಲೆ ಈ ಮೌಢ್ಯಕ್ಕೆ ಪೂರ್ಣವಿರಾಮ ಹಾಕಿದ ಕೀರ್ತಿ ನನ್ನದು.

ಮೊನ್ನೆ ಅಲ್ಲಿಗೆ ಹೋದಾಗ ಮಾವ ಕಾಶಿರಾಯರು ಕೆಂಪು ಬಾಳೆಯ ಗೊನೆ ಎತ್ತಲು ಬಗ್ಗಿದರು. ತಡೆದೆ.

“ಸೊಂಟ ಬಗ್ಗಸಬಾರದ್ರೀ ಮಾವಾರ. ಮೊಣಕಾಲು ಮಡಚಬೇಕು. ಡಿಸ್ಕ್ ಅಂದ್ರ...” ಎಂದು ವಿವರಿಸುತ್ತಲೇ ಗೊನೆಗೆ ಕೈ ಹಾಕಿದೆ. ಭಾಷಣದ ಭರದಲ್ಲಿ ನನ್ನ ಮೊಣಕಾಲೇ ಮರೆತುಹೋಯಿತು. ಕಟಕ್! ಬಗ್ಗಿದವನು ಬಗ್ಗಿದಂತೆಯೇ ಉಳಿದೆ.

ಡಾಕ್ಟರು ಒತ್ತಿ ನೋಡಿದರು. “ಡಿಸ್ಕ್ ಏನೂ ಸರಿದಿಲ್ರೀ, ಸ್ನಾಯು ಹಿಡ್ಕೊಂಡದ. ಶಾಖ ಕೊಡ್ರಿ, ಮೆಲ್ಲಕ ಅಡ್ಡಾಡ್ರಿ. ತಾನೇ ಬಿಡ್ತದ.”

ಅತ್ತೆ ಯಮನಮ್ಮನಿಗೆ ಅಷ್ಟು ತಾಳ್ಮೆ ಎಲ್ಲಿ?

“ರಾಜೀ, ಒಮ್ಮೆ ಒದಿಯವ್ವಾ.”

“ನಾ ಒಲ್ಲೆ. ಮೌಢ್ಯ ಅಂತಾರ ನಿನ್ನ ಅಳಿಯ.”

“ಗಂಡಗ ಒದ್ದರ ಪಾಪ ಬರ್ತದಂತ ಅಂಜಬ್ಯಾಡ. ಇದು ಔಷಧ.”

“ಪಾಪದ ಅಂಜಿಕಿ ಅಲ್ಲ ಯವ್ವಾ. ಒಂದ ಒದಿಕಿಗೆ ಕಾಲು ನಿಲ್ಲಲಿಕ್ಕಿಲ್ಲ ಅಂತ ಅಂಜಿಕಿ.”

ನೆರೆದ ನೆರೆಹೊರೆ ನಕ್ಕಿತು. ನೋವು ತಾಳಲಾರದೆ ನಾನೇ ನರಳಿದೆ: “ಒದಿಯೇ ಮಾರಾಯ್ತಿ... ಹಗೂರಕ!”

ಅವಳು ನೆರಿಗೆ ಎತ್ತಿ ಸಿಕ್ಕಿಸಿದಳು. ಕಾಲ್ಗೆಜ್ಜೆಯ ಸದ್ದು ಹಿಂದಿನಿಂದ ಹತ್ತಿರವಾಯಿತು. ಹೆದರಿಕೆಗೆ, ಪಾದ ತಾಗುವ ಮೊದಲೇ, ಚಂಗನೆ ಜಿಗಿದು ನೆಟ್ಟಗೆ ನಿಂತುಬಿಟ್ಟೆ! ಜನರಿಗೆ ಕಂಡದ್ದು ಎತ್ತಿದ ಪಾದ, ಎದ್ದುನಿಂತ ಅಳಿಯ. ನಡುವಿನ ಆ ಬೆರಳಗಲದ ಸತ್ಯ ನಮ್ಮಿಬ್ಬರಿಗೇ ಗೊತ್ತು.

ಸುದ್ದಿ ನಮಗಿಂತ ಮೊದಲೇ ಕಲಬುರಗಿ ಮುಟ್ಟಿತು. ಮರುದಿನ ನಮ್ಮ ಮುಖ್ಯೋಪಾಧ್ಯಾಯ ಇಮಾಮುದ್ದೀನ್ ಸಾಹೇಬರೇ ಸೊಂಟ ಹಿಡಿದು ಬಾಗಿಲಿಗೆ ಬಂದರು.

“ಮಾಸ್ತರ, ವಿಜ್ಞಾನದ ಮನಷ್ಯಾ ನೀವು, ಖರೇ ಹೇಳ್ರಿ. ಮನಿಯವ್ರು ಒದ್ದರೋ, ಇಲ್ಲಾ ನೀವ ಅಂಜಿ ಎದ್ದು ನಿಂತ್ರೋ? ಸ್ಟಾಫ್ ರೂಮಿನ್ಯಾಗ ಎರಡೂ ಮಾತು ನಡದಾವ.”

ಒಳಬಾಗಿಲಲ್ಲಿ ರಾಜೇಶ್ರೀ ತುಟಿ ಕಚ್ಚಿ ನಿಂತಿದ್ದಳು. ಒಂದು ಕಡೆ ವಿಜ್ಞಾನ, ಇನ್ನೊಂದು ಕಡೆ ಗಂಡಸುತನ. ನಾನು ಎದೆ ಸೆಟೆಸಿ, ಪರಮ ಹೆಮ್ಮೆಯಿಂದ ಹೇಳಿದೆ:

“ಒದ್ದಳ್ರೀ ಸರ್. ಭಾಳ ಜೋರ್ ಒದ್ದಳು!”