ಹಾಲ್ವರನ ಹಾರ್ನಿಗೆ ಜೋಡಿ

ಹಾಲ್ವರ್ ಕಷ್ಟಕ್ಕೆ ಸಿಕ್ಕಿಬಿದ್ದದ್ದು 'ಹೂಂ' ಅಂದದ್ದಕ್ಕಲ್ಲ, ಅದನ್ನು ಎರಡು ಸಲ ಅಂದದ್ದಕ್ಕೆ.

ಹಿಂದಿನ ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದು ಎಲ್ಲರೂ ಕಾಫಿ ಹಿಡಿದು ನಿಂತಿದ್ದರು. ಗೆಳೆಯ ಲೀರಾಯ್ ಪಕ್ಕಕ್ಕೆ ಬಂದು, "ನಿನ್ನ ಹಾರ್ನ್ ಸ್ಪೀಕರ್ ಎಲ್ಲಾ ಸರಿ ಮಾರಾಯ, ಆದ್ರೆ ಕೆಳಗಿನ ಸ್ವರ ಇಲ್ವಲ್ಲ. ನನ್ನ ಹತ್ರ ಒಂದು ಸಬ್ ವೂಫರ್ ಸುಮ್ನೆ ಕೂತಿದೆ, ತಂದ್ಕೊಡ್ಲಾ?" ಎಂದ.

ಮಿನೆಸೋಟಾದ ಸ್ಟಾರ್ವಿಕ್ ಊರಿನಲ್ಲಿ ಯಾರಾದರೂ ಏನಾದರೂ ಕೊಡುತ್ತೇನೆಂದರೆ ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲವೂ ಬೇಡ ಅನ್ನಬೇಕು. ಮೂರನೇ ಸಲ ನೆಲ ನೋಡುತ್ತಾ, "ನಿನಗೆ ತೊಂದರೆ ಇಲ್ಲ ಅಂದ್ರೆ..." ಎಂದು ರಾಗ ಎಳೆಯಬೇಕು. ಮೊದಲ ಸಲಕ್ಕೇ ಹೂಂ ಅಂದವನನ್ನು ದುರಾಸೆಯವನು ಅನ್ನುತ್ತಾರೆ. ಮೂರನೇ ಸಲವೂ ಬೇಡ ಅಂದವನನ್ನು ಏನನ್ನುತ್ತಾರೋ ಗೊತ್ತಿಲ್ಲ, ಅಂಥವನು ಆ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಹಾಲ್ವರ್ ಶಾಸ್ತ್ರೋಕ್ತವಾಗಿ ಎರಡು ಸಲ ಬೇಡ ಅಂದು ಮೂರನೆಯದಕ್ಕೆ ರಾಗ ಎಳೆದ.

ಐದು ನಿಮಿಷಕ್ಕೆ ಇನ್ನೊಬ್ಬ ಗೆಳೆಯ ಗಾರ್ಡಿ ಬಂದ. ಮೂರು ಬಾಗಿಲಷ್ಟು ಅಗಲದ ಆಳು, ಕೈಯಲ್ಲಿ ಸದಾ ಮರದ ಹೊಟ್ಟು. "ಹಾಲ್ವರ್, ನಿನ್ನ ಹಾರ್ನಿಗೇ ಅಂತ ಈ ಚಳಿಗಾಲ ಪೂರ್ತಿ ಕೂತು ಒಂದು ಸಬ್ ವೂಫರ್ ಮಾಡಿದೀನಿ. ನಂದೇ ಕೈಕೆಲಸ. ಶನಿವಾರ ತರ್ಲಾ?"

ಆಗಲೇ ಒಂದು ಬರುತ್ತಿದೆ ಎಂದು ಹೇಳಿಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಚಳಿಗಾಲ ಪೂರ್ತಿ ಕೂತವನ ಮುಖಕ್ಕೆ ಹಾಗೆ ಹೇಳುವುದು ಹೇಗೆ? ಹಾಲ್ವರ್ ಮತ್ತೆ ಎರಡು ಸಲ ಬೇಡ ಅಂದ, ಮತ್ತೆ ರಾಗ ಎಳೆದ.

ಮನೆಯಲ್ಲಿ ಹೆಂಡತಿ ಮಾರ್ಲಿಸ್‌ಗೆ ವಿಷಯ ಹೇಳಿದಾಗ ಆಕೆ ಪಾತ್ರೆ ಒರೆಸುವುದನ್ನು ನಿಲ್ಲಿಸಿದಳು. ನಡುಮನೆಯ ಎರಡು ಮೂಲೆಗಳಲ್ಲಿ ಎರಡು ಹಾರ್ನ್ ಸ್ಪೀಕರುಗಳು ಹನ್ನೊಂದು ವರ್ಷದಿಂದ ನಿಂತಿದ್ದವು. ಊರಿನ ಸಿನಿಮಾ ಮಂದಿರ ಮುಚ್ಚಿದಾಗ ಹಾಲ್ವರ್ ಹೊತ್ತುತಂದವು ಅವು. ಒಂದೊಂದೂ ಬಟ್ಟೆ ಬೀರುವಿನಷ್ಟು ದೊಡ್ಡದು, ಮೇಲೆ ಬಾಯ್ದೆರೆದ ಕಹಳೆ. ಹಾಡುವವಳು ಉಸಿರೆಳೆದುಕೊಂಡದ್ದೂ ಕೇಳುವಷ್ಟು ಚೂಟಿ, ತಂಬೂರಿ ಹಿಡಿದವನು ಪಕ್ಕದಲ್ಲೇ ಕೂತ ಹಾಗೆ. ಕೆಳಗಿನ ಸ್ವರ ಬಂದಾಗ ಮಾತ್ರ ಬಾವಿಗೆ ಬಿದ್ದ ಕೊಡದ ಹಾಗೆ ಮಾಯ.

"ಒಂದು ಡಬ್ಬ," ಅಂದಳು ಮಾರ್ಲಿಸ್. "ಒಂದೇ ಒಂದು. ಶನಿವಾರ ನಾನು ಚರ್ಚಿಗೆ ಲೆಫ್ಸೆ ರೊಟ್ಟಿ ಮಾಡಕ್ಕೆ ಹೋಗ್ತೀನಿ, ನಾಲ್ಕು ಗಂಟೆಗೆ ವಾಪಸ್. ಅಷ್ಟರಲ್ಲಿ ಮನೆ ಮನೆ ಥರ ಇರಬೇಕು. ಎರಡನೇ ಡಬ್ಬ ಕಂಡ್ರೆ ಈ ಎರಡು ಬೀರುನೂ ಗ್ಯಾರೇಜಿಗೆ ಹೋಗತ್ತೆ. ಕೇಳಿಸ್ತಾ?"

ಹಾಲ್ವರ್‌ಗೆ ಚೆನ್ನಾಗಿಯೇ ಕೇಳಿಸಿತು. ಶಾಲೆಯ ಬಸ್ ಓಡಿಸಿ, ಅರವತ್ತು ಮಕ್ಕಳ ಕಿರುಚಾಟ ಕೇಳಿ ಮನೆಗೆ ಬಂದರೆ ಅವನ ಜೀವಕ್ಕೆ ತಂಪೆರೆಯುತ್ತಿದ್ದದ್ದು ಆ ಹಾರ್ನ್‌ಗಳು ಮಾತ್ರ. ಅವನ್ನು ಚಳಿಯಲ್ಲಿ, ಹಿಮ ಎತ್ತುವ ಸಲಿಕೆಗಳ ಪಕ್ಕ ನಿಲ್ಲಿಸುವುದನ್ನು ನೆನೆದು ಅವನು ಎದ್ದು ಹೋಗಿ ಎರಡರ ಮೇಲಿನ ಧೂಳನ್ನೂ ಒರೆಸಿದ.

ಶನಿವಾರ ಬೆಳಗ್ಗೆ ಮಾರ್ಲಿಸ್ ಲಟ್ಟಣಿಗೆ ಹಿಡಿದು ಹೊರಟಳು. ಒಂಬತ್ತಕ್ಕೆ ಲೀರಾಯ್ ಬಂದ. ಅವನಂತೆಯೇ ಅವನ ಡಬ್ಬವೂ ಚಿಕ್ಕದು, ಅಚ್ಚುಕಟ್ಟು, ನಾಲ್ಕೂ ಕಡೆ ಮುಚ್ಚಿದ್ದು. ಅದನ್ನು ಒಳಗಿಟ್ಟು ಬೂಟು ಬಿಚ್ಚುವಷ್ಟರಲ್ಲಿ ಹೊರಗೆ ಟ್ರಕ್ ಬಂದು ನಿಂತಿತು. ಗಾರ್ಡಿಯ ಕೈಕೆಲಸ ಇಳಿಯಿತು. ಜಿಂಕೆ ಮಾಂಸ ಇಡುವ ಫ್ರೀಜರನ್ನು ಎತ್ತಿ ನಿಲ್ಲಿಸಿದಂತಿತ್ತು. ಮುಂದೆ ಬಕೆಟ್ ಹಿಡಿಸುವಷ್ಟು ದೊಡ್ಡ ಗಾಳಿ ಕಿಂಡಿ. ಒಳಗೆ ತರಲು ಬಾಗಿಲನ್ನೇ ಕೀಲಿನಿಂದ ಕಳಚಬೇಕಾಯಿತು.

ಇಬ್ಬರೂ ಒಬ್ಬರ ಡಬ್ಬವನ್ನೊಬ್ಬರು ನೋಡಿದರು.

"ಹೂಂ," ಅಂದ ಲೀರಾಯ್, ಫ್ರೀಜರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ. "ಇದು ಬೇರೆ ಥರ ಇದೆ."

ಸ್ಟಾರ್ವಿಕ್‌ನಲ್ಲಿ ಇದಕ್ಕಿಂತ ಕಟುವಾದ ಬೈಗುಳ ಇಲ್ಲ. ಗಾರ್ಡಿಯ ಕಿವಿ ಕೆಂಪಾಯಿತು. "ನಿಂದೂ ಮುದ್ದಾಗಿದೆ ಲೀರಾಯ್. ಮೊಮ್ಮಗಳ ಗೊಂಬೆ ಮನೆಗೆ ಹೇಳಿ ಮಾಡಿಸಿದ ಹಾಗಿದೆ."

"ಕಾಫಿ ತರ್ಲಾ?" ಎಂದು ಹಾಲ್ವರ್ ನಡುವೆ ಬಾಯಿ ಹಾಕಿದ. ಇಬ್ಬರೂ ಎರಡೆರಡು ಸಲ ಬೇಡ ಅಂದರು. ಅಷ್ಟರಲ್ಲಿ ಬಿಸಿ ಸ್ವಲ್ಪ ಆರಿತು. ಜಾಗ ಇರುವುದು ಒಂದಕ್ಕೇ ಎಂದು ಹಾಲ್ವರ್ ನೆಲ ನೋಡುತ್ತಾ ಗೊಣಗಿದ, ಯಾವುದಕ್ಕೆ ಎಂದು ಮಾತ್ರ ಹೇಳಲಿಲ್ಲ.

ಮೊದಲು ಲೀರಾಯ್‌ನದನ್ನು ಜೋಡಿಸಿದರು. ಹಾರ್ನ್ ಎಲ್ಲಿ ಕೈಬಿಡುತ್ತದೋ ಅಲ್ಲಿಂದ ಡಬ್ಬ ಹಿಡಿದುಕೊಳ್ಳುವಂತೆ ತಿರುಪು ತಿರುಗಿಸಿದರು. ಪಿಯಾನೋದ ಎಡಗೈ ಮೊದಲ ಸಲ ಆ ಮನೆಯೊಳಕ್ಕೆ ಕಾಲಿಟ್ಟಿತು. ಹಾರ್ನ್ ಎಲ್ಲಿ ಮುಗಿಯಿತು, ಡಬ್ಬ ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಹಾಲ್ವರ್‌ಗೆ ಕಣ್ಣು ಒದ್ದೆಯಾಯಿತು. ಅವನ ಮನಸ್ಸು ಅಲ್ಲೇ ನಿಶ್ಚಯ ಮಾಡಿಬಿಟ್ಟಿತು.

"ವೇಗ ನೋಡಿದ್ಯಾ?" ಅಂದ ಲೀರಾಯ್. "ಹಾರ್ನ್ ಅಂದ್ರೆ ಚುರುಕು. ಜೊತೆಗೆ ಬರೋದೂ ಚುರುಕಾಗಿರ್ಬೇಕು."

"ಗಂಡು ಆರಡಿ ಇರೋವಾಗ ಹೆಣ್ಣು ಮೊಣಕಾಲುದ್ದ ಇದ್ರೆ ಆಗತ್ತಾ?" ಅಂದ ಗಾರ್ಡಿ. "ಈಡುಜೋಡು ಬೇಡ್ವಾ? ಹಾರ್ನ್ ಗಟ್ಟಿಯಾಗಿ ಮಾತಾಡೋದು, ಅದರ ಸಮಕ್ಕೆ ಉಸಿರು ಹಿಡಿಯೋ ಡಬ್ಬ ಬೇಕು."

ಆಮೇಲೆ ಅವನದನ್ನು ಜೋಡಿಸಿದರು. ಕಿಟಕಿಯ ಗಾಜು ನಡುಗಿತು. ಗೋಡೆಯ ಮೇಲಿದ್ದ ಮಾರ್ಲಿಸ್‌ಳ ಅಜ್ಜಿ ಓರೆಯಾದಳು. ಪಿಯಾನೋದ ಬಲಗೈ ಹಾರ್ನಿನಿಂದ ಬಂದು, ಎಡಗೈ ಸ್ವಲ್ಪ ಹೊತ್ತಿನ ಮೇಲೆ, ಬಸ್ ತಪ್ಪಿಸಿಕೊಂಡ ಹುಡುಗನ ಹಾಗೆ ಏದುಸಿರು ಬಿಡುತ್ತಾ ಬಂತು. ಗಾರ್ಡಿ ಮಾತ್ರ ಮಗುವಿನ ಮೊದಲ ಹೆಜ್ಜೆ ನೋಡುವವನಂತೆ ಡಬ್ಬವನ್ನೇ ನೋಡುತ್ತಾ ನಿಂತಿದ್ದ.

"ಹೇಗಿದೆ?" ಎಂದ ಮೆಲ್ಲಗೆ.

"ಅಷ್ಟೇನೂ ಕೆಟ್ಟದಾಗಿಲ್ಲ," ಅಂದ ಹಾಲ್ವರ್. ಆ ಊರಿನಲ್ಲಿ ಹೊಗಳಿಕೆ ಅಂದರೆ ಇದೇ, ಇದಕ್ಕಿಂತ ಮೇಲೆ ಯಾರೂ ಹೋಗುವುದಿಲ್ಲ. ಗಾರ್ಡಿ ಅಂಗಿಯ ತೋಳಿನಿಂದ ಡಬ್ಬದ ನೆತ್ತಿ ಒರೆಸಿದ. ಹಾಲ್ವರ್ ನಾಲಿಗೆ ಕಚ್ಚಿಕೊಂಡ, ಆದರೆ ಮಾತು ಆಡಿ ಆಗಿತ್ತು. ಲೀರಾಯ್‌ಗೆ ಕಡಿಮೆಯಾಗಬಾರದಲ್ಲ ಎಂದು ಅವನಿಗೂ ಅದನ್ನೇ ಹೇಳಬೇಕಾಯಿತು.

"ಇಟ್ಟ ಜಾಗ ಸರಿ ಇಲ್ಲ, ಅದಕ್ಕೇ ತೀರ್ಮಾನ ಆಗ್ತಿಲ್ಲ," ಅಂದ ಲೀರಾಯ್. "ತೆವಳಿ ನೋಡೋಣ."

ಸ್ಪೀಕರ್ ಹುಚ್ಚಿನವರೆಲ್ಲ ಬಲ್ಲ ಪದ್ಧತಿ ಅದು. ಕೇಳುವವನು ಕೂರುವ ಕುರ್ಚಿಯ ಮೇಲೆ ಡಬ್ಬ ಇಡಬೇಕು, ಕೇಳುವವನು ನೆಲದ ಮೇಲೆ ಅಂಬೆಗಾಲಿಡಬೇಕು. ಎಲ್ಲಿ ಸ್ವರ ಚೆನ್ನಾಗಿ ಕೇಳುತ್ತದೋ ಡಬ್ಬಕ್ಕೆ ಅದೇ ಜಾಗ. ಲೀರಾಯ್‌ನ ಡಬ್ಬ ಕುರ್ಚಿ ಏರಿತು. ಅರವತ್ತು ದಾಟಿದ ಮೂವರು ಗಂಡಸರು, ಬರಿಯ ಕಾಲುಚೀಲದಲ್ಲಿ, ಗೋಡೆಗೆ ಕಿವಿಗೊಟ್ಟು ನಡುಮನೆಯನ್ನು ಸುತ್ತತೊಡಗಿದರು.

ಪಕ್ಕದ ಮನೆಯ ವರ್ನಾ ಕಿಟಕಿಯಿಂದ ಇದನ್ನು ಕಂಡಳು. ಎಂಬತ್ತನಾಲ್ಕರ ಮುದುಕಿ, ಕಿಟಕಿಯೇ ಅವಳ ದಿನಪತ್ರಿಕೆ. ಒಂದು ತಟ್ಟೆ ನಿಂಬೆ ಬರ್ಫಿ ಹಿಡಿದು ಬಂದವಳು, ಏನು ಎತ್ತ ಎಂದು ಕೇಳದೆ, ತಟ್ಟೆ ಕೆಳಗಿಟ್ಟು ತಾನೂ ಮಂಡಿಯೂರಿದಳು.

"ಏನು ಕಳೀತು? ಮಾರ್ಲಿಸ್ ಉಂಗುರನಾ?"

"ಏನೂ ಕಳೆದಿಲ್ಲ ವರ್ನಾ, ನೀವು ಏಳಿ," ಅಂದ ಹಾಲ್ವರ್.

"ನನಗೆ ಗೊತ್ತಪ್ಪ, ಹೇಳ್ಬೇಡ. ನಾನು ಅವಳಿಗೆ ಹೇಳಲ್ಲ," ಅಂದು ಆಕೆ ಸೋಫಾದ ಅಡಿ ಕೈಯಾಡಿಸಿದಳು. ಒಂದು ಪೆನ್ಸಿಲು, ಎರಡು ಗುಂಡಿ, ಕಳೆದ ಈಸ್ಟರಿನ ಒಂದು ಮಿಠಾಯಿ ಸಿಕ್ಕವು. ಅವನ್ನು ಸಾಲಾಗಿ ಜೋಡಿಸುತ್ತಾ ಹೋದವಳು ಎಡಮೂಲೆಗೆ ಬಂದು, ಹಾರ್ನಿನ ಹಿಂದೆ ತಲೆ ತೂರಿಸಿ ನಿಂತಳು.

"ಓ, ಇಲ್ಲಿ ಎಷ್ಟು ಚೆನ್ನಾಗಿ ಕೇಳತ್ತೆ! ಚರ್ಚಲ್ಲಿ ಆರ್ಗನ್ ಪಕ್ಕ ಕೂತ ಹಾಗೆ."

ಮೂವರೂ ತೆವಳಿಕೊಂಡು ಬಂದು ತಲೆ ತೂರಿಸಿದರು. ಮುದುಕಿ ಹೇಳಿದ್ದು ನಿಜವಾಗಿತ್ತು. ಗಾರ್ಡಿಯ ಡಬ್ಬವನ್ನು ಕುರ್ಚಿಗೆ ಏರಿಸಿದಾಗ, ಕುರ್ಚಿ ನರಳಿದರೂ, ಅದರ ಸ್ವರ ತೆರೆದುಕೊಂಡದ್ದು ಬಲಮೂಲೆಯಲ್ಲಿ. ಅಲ್ಲಿ ನಿಂತಿದ್ದದ್ದು ಇನ್ನೊಂದು ಹಾರ್ನ್.

"ಮೂಲೆ ಖಾಲಿ ಇದ್ದಿದ್ರೆ..." ಎಂದು ಲೀರಾಯ್ ನಿಟ್ಟುಸಿರು ಬಿಟ್ಟ.

ಗಂಟೆ ಎರಡಾಯಿತು, ಮೂರಾಯಿತು. ಬರ್ಫಿ ಮುಗಿಯಿತು. ಹಾಲ್ವರ್ ಸುತ್ತಿಬಳಸಿ ಹೇಳಿ ನೋಡಿದ. "ಗಾರ್ಡಿ, ನಿನ್ನ ಕೈಕೆಲಸ ಇಂಥ ಸಣ್ಣ ಮನೆಗೆ ದೊಡ್ಡದಾಯ್ತೇನೋ. ನಿನ್ನ ಮನೇಲೇ ಅದಕ್ಕೆ ಮರ್ಯಾದೆ."

"ನನ್ನ ಬಗ್ಗೆ ಯೋಚನೆ ಮಾಡ್ಬೇಡ," ಅಂದ ಗಾರ್ಡಿ. "ನಿನಗೇ ಅಂತ ಮಾಡಿದ್ದು. ನೋಡು, ನಿಮ್ಮ ಪರದೆ ಬಣ್ಣಾನೇ ಹಚ್ಚಿದೀನಿ. ಮಾರ್ಲಿಸ್ ಹತ್ರ ಗುಟ್ಟಾಗಿ ಒಂದು ತುಂಡು ಬಟ್ಟೆ ಇಸ್ಕೊಂಡಿದ್ದೆ. ಸ್ಟೂಲು ಮಾಡಕ್ಕೆ ಅಂತ ಹೇಳಿದ್ದೆ."

ಪರದೆಯ ಬಣ್ಣ ನೋಡಿದ ಮೇಲೆ ಹಾಲ್ವರ್ ಆ ದಾರಿ ಕೈಬಿಟ್ಟ. ಲೀರಾಯ್ ಆಗಲೇ ತನ್ನ ಡಬ್ಬದ ತಂತಿಯನ್ನು ಗೋಡೆಗುಂಟ ನೀಟಾಗಿ ಅಂಟಿಸುತ್ತಿದ್ದ. ಇನ್ನು ಉಳಿದದ್ದು ಒಂದೇ ದಾರಿ, ಮಾರ್ಲಿಸ್. ಆಕೆ ಬರಲಿ. ಎರಡನೇ ಡಬ್ಬ ಕಂಡೊಡನೆ ಗುಡುಗಲಿ. ಗಾರ್ಡಿ ತನ್ನದನ್ನು ಹೊತ್ತುಕೊಂಡು ಹೋಗಲಿ. ಪಾಪ ಆಕೆಗೆ, ಪುಣ್ಯ ತನಗೆ. ಮದುವೆಯಾದಂದಿನಿಂದ ಹಾಲ್ವರ್ ಹೆಂಡತಿಯ ಬೈಗುಳಕ್ಕೆ ಇಷ್ಟು ಆಸೆಯಿಂದ ಕಾದದ್ದಿಲ್ಲ.

ನಾಲ್ಕಕ್ಕೆ ಸರಿಯಾಗಿ ಬಾಗಿಲಿಲ್ಲದ ಬಾಗಿಲಲ್ಲಿ ಮಾರ್ಲಿಸ್ ನಿಂತಳು, ಮೈಯೆಲ್ಲ ಹಿಟ್ಟು, ಕೈಯಲ್ಲಿ ಲೆಫ್ಸೆಯ ಪೊಟ್ಟಣ. ಫ್ರೀಜರ್ ನೋಡಿದಳು. ಗೊಂಬೆ ಮನೆ ನೋಡಿದಳು. ಟೋಪಿ ಕೈಯಲ್ಲಿ ಹಿಡಿದು ನಿಂತ ಇಬ್ಬರನ್ನು ನೋಡಿದಳು. ಹಾಲ್ವರ್ ಕಣ್ಣು ಮುಚ್ಚಿಕೊಂಡ. ಈಗ ಬಂತು, ಈಗ ಬಂತು.

"ಅಯ್ಯೋ, ಎಷ್ಟು ಲಕ್ಷಣವಾಗಿದೆ!" ಅಂದಳು ಮಾರ್ಲಿಸ್. "ಗಾರ್ಡಿ, ನಮ್ಮ ಪರದೆ ಬಣ್ಣ! ಲೀರಾಯ್, ಎಷ್ಟು ಅಚ್ಚುಕಟ್ಟು!"

ಹಾಲ್ವರ್ ಕಣ್ಣು ಬಿಟ್ಟ.

"ಯಾವುದಾದ್ರೂ ಒಂದೇ ಅಂತ ಹಾಲ್ವರ್ ಹೇಳ್ತಿದ್ದ," ಎಂದು ಲೀರಾಯ್ ಗೊಣಗಿದ.

"ಒಂದಾ? ಇಷ್ಟು ಪ್ರೀತಿಯಿಂದ ತಂದಿದೀರಿ, ಒಂದನ್ನ ಹೇಗೆ ವಾಪಸ್ ಕಳಿಸೋದು? ಎರಡೂ ಇರ್ಲಿ. ಎಲ್ಲಿಡಬೇಕು?"

"ಮೂಲೆಯಲ್ಲಿಟ್ರೆ ಬಹಳ ಚೆನ್ನ," ಅಂದಳು ವರ್ನಾ. "ಆದ್ರೆ ಅಲ್ಲಿ ಈ ಉದ್ದದ್ದು ನಿಂತಿವೆ."

"ಅಷ್ಟೇ ತಾನೆ? ಅವು ಗ್ಯಾರೇಜಿಗೆ ಹೋದ್ರಾಯ್ತು."

ಹಾರ್ನಿಗೆ ಅಂತ ತಂದ ಡಬ್ಬಕ್ಕೆ ಹಾರ್ನೇ ಇಲ್ಲದಿದ್ದರೆ ಅರ್ಥವೇನು ಎಂದು ಗಾರ್ಡಿಗೆ ಗೊತ್ತಿತ್ತು, ಲೀರಾಯ್‌ಗೂ ಗೊತ್ತಿತ್ತು. ಆದರೆ ಮನೆಯೊಡತಿ ಹೇಳಿಯಾಗಿದೆ, ಎದುರಾಡುವುದು ಹೇಗೆ? ಅದೂ ಅಲ್ಲದೆ ಇಬ್ಬರ ಡಬ್ಬಕ್ಕೂ ಒಂದೊಂದು ಮೂಲೆ ಸಿಕ್ಕಿದೆ. ಗಾರ್ಡಿ ಕೈಗವಸು ಹಾಕಿಕೊಂಡ. "ಹೇಗೂ ಬಂದಿದೀವಿ, ನಾವೇ ಸಾಗಿಸಿಬಿಡ್ತೀವಿ ಹಾಲ್ವರ್."

"ಬೇಡ ಬೇಡ, ನೀವ್ಯಾಕೆ ತೊಂದರೆ ತಗೋತೀರಿ!" ಎಂದು ಹಾಲ್ವರ್ ಹೌಹಾರಿದ.

"ತೊಂದರೆ ಏನು ಬಂತು?" ಲೀರಾಯ್ ಒಂದು ಹಾರ್ನಿನ ತಂತಿ ಬಿಚ್ಚಿದ.

"ನಿಜವಾಗ್ಲೂ ಬೇಡ ಲೀರಾಯ್!"

"ಸಂಕೋಚ ಬಿಡೋ," ಎಂದು ಗಾರ್ಡಿ ಹಾರ್ನನ್ನು ತಬ್ಬಿಕೊಂಡ.

"ಬೇಡ ಅಂದ್ರೆ ಬೇಡ!" ಎಂದು ಹಾಲ್ವರ್ ಕೂಗಿದ. ಸ್ಟಾರ್ವಿಕ್‌ನಲ್ಲಿ ಮೂರನೇ ಬೇಡ ಮೊದಲ ಸಲ ಹೊರಬಿದ್ದಿತ್ತು.

"ಎಂಥಾ ಮರ್ಯಾದಸ್ಥ ಪಾಪ," ಅಂದಳು ವರ್ನಾ ಕಣ್ಣೊರೆಸಿಕೊಳ್ಳುತ್ತಾ. "ಈಗಿನ ಕಾಲದಲ್ಲಿ ಮೂರು ಸಲ ಯಾರು ಹೇಳ್ತಾರೆ!"

ಹಾರ್ನ್‌ಗಳು ಒಂದರ ಹಿಂದೊಂದು ಹಿಮದ ಮೇಲೆ ಹೊರಟವು. ಗಾರ್ಡಿ ಸೊಂಟ ಹಿಡಿದುಕೊಂಡು ನರಳುತ್ತಿದ್ದದ್ದನ್ನು ನೋಡಲಾರದೆ ಎರಡನೆಯದಕ್ಕೆ ಹಾಲ್ವರ್ ತಾನೇ ಒಂದು ತುದಿ ಹಿಡಿದ.

ಬಾಗಿಲು ಮತ್ತೆ ಕೀಲಿಗೆ ಕೂತು, ಎಲ್ಲರೂ ಹೋದ ಮೇಲೆ ಅವನು ಹೆಂಡತಿಯತ್ತ ತಿರುಗಿದ. "ಒಂದೇ ಡಬ್ಬ ಅಂದಿದ್ಯಲ್ಲ!"

"ನಿನಗೆ ಅಂದಿದ್ದೆ. ಅವರಿಗೆ ಹೇಗೆ ಅನ್ಲಿ? ಗಾರ್ಡಿ ಮುಖ ನೋಡಿದ್ಯಾ?"

"ನಾಳೆ ಹಾರ್ನ್ ವಾಪಸ್ ತರ್ತೀನಿ."

"ಸೊಂಟ ಮುರ್ಕೊಂಡು ಹೊತ್ತಿದಾನೆ. ವಾಪಸ್ ತಂದ್ರೆ ಅವನಿಗೆ ಎಷ್ಟು ಬೇಜಾರಾಗತ್ತೆ!"

ಹಾಲ್ವರ್ ಕೂಡ ಅದನ್ನೇ ಯೋಚಿಸುತ್ತಿದ್ದ.

ಬೇರೆ ಕೆಲಸ ತೋಚದೆ ಅವನು ಒಂದು ರೆಕಾರ್ಡ್ ಹಾಕಿದ. ಹಾಡುವವಳು ಇಲ್ಲ, ಪಿಯಾನೋದ ಬಲಗೈ ಇಲ್ಲ, ಪಿಟೀಲು ಇಲ್ಲ. ಎರಡು ಮೂಲೆಗಳಿಂದ ಬರೀ ಧುಂ, ಧುಂ, ಅಟ್ಟದ ಮೇಲೆ ಯಾರೋ ಓಡಾಡಿದ ಹಾಗೆ. ಮಾರ್ಲಿಸ್ ಸೋಫಾದಲ್ಲಿ ಕಾಲು ಚಾಚಿ, ಲೆಫ್ಸೆಗೆ ಬೆಣ್ಣೆ ಸಕ್ಕರೆ ಸವರಿ, ಕಣ್ಣು ಮುಚ್ಚಿದಳು. ಹನ್ನೊಂದು ವರ್ಷದಲ್ಲಿ ಅವನ ಸಂಗೀತದ ಬಗ್ಗೆ ಆಕೆ ಆಡಿದ ಮಾತು ಒಂದೇ, 'ಕಡಿಮೆ ಮಾಡು'. ಹಾಲ್ವರ್ ಅಭ್ಯಾಸಬಲದಿಂದ ತಿರುಪಿನ ಮೇಲೆ ಕೈಯಿಟ್ಟುಕೊಂಡೇ ಕೂತ.

"ಹಾಲ್ವರ್," ಅಂದಳು ಆಕೆ.

"ಹೂಂ, ಹೂಂ, ಕಡಿಮೆ ಮಾಡ್ತೀನಿ."

"ಅಯ್ಯೋ, ಬೇಡಪ್ಪ. ಮೈಯೆಲ್ಲಾ ನೀವಿದ ಹಾಗೆ ಎಷ್ಟು ಹಿತವಾಗಿದೆ. ಇನ್ನೂ ಸ್ವಲ್ಪ ಜೋರು ಮಾಡು."