ಕಂಡಕ್ಟರ್ ಮಂಡಿಗೆ ಜೊತೆಗೊಬ್ಬರು ಬೇಕು

ಫುಟ್‌ಬೋರ್ಡ್ ಮೇಲೆ ನಿಂತು ಬದುಕೋನು ನಗೋ ಸಂಗತಿಗಳನ್ನ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಕೈ ಅಡ್ಡ ಹಾಕಿ ಬಸ್ಸು ಹತ್ತುತ್ತವೆ. ಶಿವಮೊಗ್ಗ-ಭದ್ರಾವತಿ ಮಧ್ಯೆ ಓಡೋ ಪ್ರೈವೇಟ್ ಬಸ್ಸಿನಲ್ಲಿ ನಾನು ಕಂಡಕ್ಟರು. ತೊಂಬತ್ತರ ದಶಕ ಮುಗಿಯೋ ಹೊತ್ತಿಗೆ ನನ್ನ ಬಲಗಾಲಿನ ಮಂಡಿ ಕೆಟ್ಟಾಗಲೂ ಅವು ನನ್ನನ್ನ ಬಿಡಲಿಲ್ಲ.

ಬಸ್ಸಿನ ತುಂಬ ಡಾಕ್ಟರು

ಬಸ್ಸು ನಿಲ್ಲೋ ಮೊದಲೇ ಹಾರಿ ಇಳಿಯೋದು ನನ್ನ ದೊಡ್ಡಸ್ತಿಕೆ. ಒಂದಿನ ಭದ್ರಾವತಿ ಸ್ಟ್ಯಾಂಡಿನಲ್ಲಿ ಹಾಗೆ ಹಾರಿದಾಗ ಕಾಲು ತಿರುಚಿತು. ಮಂಡಿಚಿಪ್ಪು ಪಕ್ಕಕ್ಕೆ ಜಾರಿ, ತಾನೇ ವಾಪಸ್ ಬಂತು. ಮಂಡಿ ಊದಿ ಕುಂಬಳಕಾಯಿ ಆಯ್ತು.

ಮಾರನೇ ದಿನ ಕುಂಟಿಕೊಂಡೇ ಟಿಕೆಟ್ ಹರಿಯೋಕೆ ಹೋದ್ರೆ, ಬಸ್ಸಿಗೆ ಬಸ್ಸೇ ಡಾಕ್ಟರು. ಒಬ್ಬರು ರಿಟೈರ್ಡ್ ಮೇಷ್ಟ್ರು, "ಹರಳೆಣ್ಣೆ ಕಾಯಿಸಿ ಹಚ್ಚಯ್ಯ" ಅಂದ್ರು. ಪಕ್ಕದಲ್ಲಿದ್ದ ಫ್ಯಾಕ್ಟರಿ ಫಿಟ್ಟರ್, "ಮೊದ್ಲೇ ಜಾರಿರೋ ಚಿಪ್ಪಿಗೆ ಎಣ್ಣೆ ಹಚ್ಚಿದ್ರೆ ಇನ್ನೂ ಜಾರುತ್ತೆ ಸಾರ್. ಮೊಟ್ಟೆ ಪಟ್ಟು ಹಾಕಿಸ್ಬೇಕು" ಅಂದ. ಇಬ್ಬರಿಗೂ ಹತ್ತಿಕೊಂಡಿತು. ನನ್ನ ಮಂಡಿ ಅಲ್ಲೇ ಇದೆ ಅನ್ನೋದೇ ಮರೆತು ಕಚ್ಚಾಡಿದರು. ಇಳಿಯೋ ಸ್ಟಾಪು ದಾಟಿಹೋಯ್ತು. ಕೊನೆ ಸ್ಟಾಪಿನಲ್ಲಿ ವಾಪಸ್ ಹೋಗೋಕೆ ಟಿಕೆಟ್ ತಗೊಳ್ಳಿ ಅಂದೆ ನೋಡಿ, ಇಬ್ಬರೂ ಒಂದಾಗಿ ನನ್ನ ಮೇಲೇ ಬಿದ್ದರು: "ಫೀಸಿಲ್ದೆ ಔಷಧಿ ಹೇಳಿದೀವಿ, ನಮಗೇ ಟಿಕೆಟ್ಟಾ?"

ಡಾಕ್ಟರ ಪ್ರಶ್ನೆ

ಕೊನೆಗೆ ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿಗೆ ಹೋದೆ. ಮಂಡಿ ಆಪರೇಷನ್ ಮಾಡೋ ದೊಡ್ಡ ಡಾಕ್ಟರು ಅಲ್ಲಿಗೆ ತಿಂಗಳಿಗೊಂದು ಸಲ ಮಂಗಳೂರಿಂದ ಬಂದು ಎರಡು ದಿನ ಇರೋರು.

"ಚಿಪ್ಪಿನ ಹಿಂದೆ ನುಣ್ಣಗೆ ಒಂದು ಪದರ ಇರುತ್ತೆ, ಮೃದ್ವಸ್ಥಿ ಅಂತ. ಚಿಪ್ಪು ಜಾರಿದಾಗ ಅದರ ಒಂದು ಚೂರು ಎದ್ದು ಬಂದಿದೆ. ಅದನ್ನ ವಾಪಸ್ ಅದರ ಜಾಗದಲ್ಲಿ ಕೂರಿಸಿ ಪಿನ್ ಹಾಕ್ಬೇಕು. ತಡ ಮಾಡಿದ್ರೆ ಕೂರಲ್ಲ" ಅಂದ್ರು.

"ಜಾಗ ಬಿಟ್ಟು ಎದ್ದೋರನ್ನ ವಾಪಸ್ ಕೂರಿಸೋ ಕಷ್ಟ ನಂಗೊತ್ತು ಸಾರ್" ಅಂದೆ.

ಡಾಕ್ಟರು ನಗಲಿಲ್ಲ. "ಜೊತೆಗೆ ಯಾರಿದ್ದಾರೆ?" ಅಂದ್ರು.

"ಡ್ರೈವರ್ ಇದಾನೆ ಸಾರ್."

"ಎಲ್ಲಿ?"

"ಬಸ್ಸಲ್ಲಿ."

ಜೊತೆಗೆ ಮನೆಯವರು ಅಂತ ಒಬ್ಬರಿಲ್ಲದೆ ಆಪರೇಷನ್ ಮಾಡಲ್ಲ, ಇಲ್ಲಿಯ ಪದ್ಧತಿ ಅದು ಅಂದುಬಿಟ್ಟರು. ಅಮ್ಮ ಹೋಗಿ ವರ್ಷಗಳಾಗಿತ್ತು. ಮದುವೆ ಅಂತೂ ಆಗಲೇ ಇಲ್ಲ. ಸಾವಿರಾರು ಜನರ ಮುಖ ಗೊತ್ತು ನಂಗೆ. ಯಾರು ಎಲ್ಲಿ ಹತ್ತಿ ಎಲ್ಲಿ ಇಳೀತಾರೆ ಅನ್ನೋದು ಬಾಯಿಪಾಠ. ಆದ್ರೆ ಬಂದು ನನ್ನ ಮಂಚದ ಪಕ್ಕ ಕೂರು ಅಂತ ಯಾರಿಗೆ ಹೇಳಲಿ? ಒಂದು ಹೆಸರೂ ಹೊಳೆಯಲಿಲ್ಲ. ಬಸ್ ಸ್ಟ್ಯಾಂಡಿನ ಏಜೆಂಟ್‌ಗೆ ಫೋನ್ ಹಚ್ಚಿ ಡ್ರೈವರ್‌ನನ್ನ ಕರೆಸಿ ಕೇಳಿದೆ. "ನಾನು ಬಂದು ಅಲ್ಲಿ ಕೂತ್ರೆ ಬಸ್ಸು ನಿಮ್ಮಪ್ಪ ಓಡಿಸ್ತಾನಾ ಮಾರಾಯ?" ಅಂದ. ಅವನು ಹೇಳಿದ್ದೂ ಸರಿಯೇ.

ಎರವಲು ಚಿಕ್ಕಪ್ಪ

ಯಾರಾದ್ರೂ ಬರೋವರೆಗೆ ಇರಲಿ ಅಂತ ನನ್ನನ್ನ ವಾರ್ಡಿಗೆ ಸೇರಿಸಿಕೊಂಡಿದ್ದರು. ಎದುರು ಮಂಚದಲ್ಲಿ ಗಾಜನೂರಿನ ಒಬ್ಬರು ಕೈ ಮುರಿದುಕೊಂಡು ಮಲಗಿದ್ದರು. ಅವರ ಸುತ್ತ ಮದುವೆ ದಿಬ್ಬಣದಷ್ಟು ಜನ. ಬುತ್ತಿ ಬಿಚ್ಚೋರು, ಕಾಲು ಒತ್ತೋರು, ಸುಮ್ನೆ ಅಳೋರು. ನಾನು ಗೋಡೆ ಕಡೆ ತಿರುಗಿ ಬ್ರೆಡ್ ತಿಂದೆ. ಆಪರೇಷನ್ ಭಯಕ್ಕಿಂತ ಆ ಬ್ರೆಡ್ ನುಂಗೋದೇ ಕಷ್ಟವಾಯ್ತು.

ಅವರ ಹೆಂಡತಿ ವಿಷಯ ಕೇಳಿ ಮರುಗಿದರು. "ಅಯ್ಯೋ, ಅದಕ್ಯಾಕೆ ಚಿಂತೆ ಮಾಡ್ತೀರಿ? ನಮ್ಮಲ್ಲಿ ಒಬ್ಬರನ್ನ ತಗೊಳ್ಳಿ. ಚಿಕ್ಕಪ್ಪ, ನೀವು ಆ ಮಂಚಕ್ಕೆ ಹೋಗಿ ಕೂತ್ಕೊಳ್ಳಿ."

ಚಿಕ್ಕಪ್ಪ ನನಗಿಂತ ಹತ್ತು ವರ್ಷ ಚಿಕ್ಕವನು. ಬಂದು ಕೂತ, ನನ್ನ ಬಾಳೆಹಣ್ಣು ತಿಂದ, ಗೋಡೆಗೊರಗಿ ನಿದ್ದೆ ಮಾಡಿದ. ನಿಜವಾದ ನೆಂಟನೇ ಅನ್ನಿಸಿತು. ಸಂಜೆ ಡಾಕ್ಟರು ಬಂದಾಗ ಇವರು ನಮ್ಮ ಚಿಕ್ಕಪ್ಪ ಅಂದೆ. ಡಾಕ್ಟರು ಇಬ್ಬರ ಮುಖವನ್ನೂ ನೋಡಿ, ಅವನನ್ನ ಕೇಳಿದರು:

"ನಿಮ್ಮಣ್ಣನ ಮಗನ ಹೆಸರೇನ್ರೀ?"

ಚಿಕ್ಕಪ್ಪ ನನ್ನನ್ನ ಮೇಲಿಂದ ಕೆಳಗೆ ನೋಡಿ, "ಕಂಡಕ್ಟರ್" ಅಂದ.

"ಅದು ಕೆಲಸ. ಹೆಸರು?"

"ಚಿಕ್ಕಂದಿನಿಂದ್ಲೂ ಹಾಗೇ ಕರೀತೀವಿ ಸಾರ್."

ವಾರ್ಡೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಡಾಕ್ಟರು ಮಾತ್ರ, "ನಾಳೆ ಬೆಳಿಗ್ಗೆ ಹತ್ತರೊಳಗೆ ನಿಮ್ಮೋರು ಅಂತ ಯಾರಾದ್ರೂ ನಿಜವಾಗಿ ಬರ್ಬೇಕು. ಇಲ್ಲಾಂದ್ರೆ ಮುಂದಿನ ತಿಂಗಳು" ಅಂತ ಹೇಳಿ ಹೋದರು. ಮುಂದಿನ ತಿಂಗಳಿಗೆ ಆ ಚೂರು ಕೂರಲ್ಲ. ಕುಂಟನನ್ನ ಯಾವ ಓನರ್ ಫುಟ್‌ಬೋರ್ಡ್ ಮೇಲೆ ನಿಲ್ಲಿಸ್ತಾನೆ? ಹೊದಿಕೆ ಎಳೆದುಕೊಂಡು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಏನಾಗ್ಬೇಕು?

ಬೆಳಿಗ್ಗೆಯಿಂದ ಬಾಗಿಲನ್ನೇ ನೋಡ್ತಾ ಕೂತೆ. ಚಪ್ಪಲಿ ಸದ್ದಾದಾಗೆಲ್ಲ ನೆಟ್ಟಗೆ ಕೂರೋದು; ಬಂದವರು ಇನ್ಯಾವುದೋ ಮಂಚಕ್ಕೆ ಹೋಗೋದು. ಹತ್ತಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಹೊರಗೆ ವಾಚ್‌ಮನ್ ಜೊತೆ ಯಾರೋ ಜಗಳಕ್ಕೆ ಬಿದ್ದ ಸದ್ದು. ಆ ಗಂಟಲು ನಂಗೊತ್ತು!

ಸೊಪ್ಪು ಮಾರೋ ಆಯಮ್ಮ. ದಿನಾ ಬೆಳಿಗ್ಗೆ ಭದ್ರಾವತಿಯಲ್ಲಿ ಹತ್ತಿ, ತನ್ನ ಬುಟ್ಟಿಯನ್ನ ಸರಿಯಾಗಿ ಬಾಗಿಲಲ್ಲೇ ಇಡೋದು. ಒಳಗಿಡಿ ಅಂತ ನಾನು, ಇಡಲ್ಲ ಏನ್ಮಾಡ್ತೀಯಾ ಅಂತ ಆಯಮ್ಮ. ಶಿವಮೊಗ್ಗ ಬರೋವರೆಗೂ ಇದೇ ರಗಳೆ.

ಬುಟ್ಟಿ ಹೊತ್ತುಕೊಂಡೇ ವಾರ್ಡಿಗೆ ನುಗ್ಗಿತು ಆಯಮ್ಮ. "ಥೂ ನಿನ್ನ! ನಿಂಗೆ ಯಾರೂ ಇಲ್ವಂತೆ, ಡ್ರೈವರ್ ಬಸ್ಸು ನಿಲ್ಸಿ ಎಲ್ರಿಗೂ ಹೇಳ್ದ. ನಂಗೊಂದು ಮಾತು ಹೇಳೋಕೆ ಏನಾಗಿತ್ತೋ ಧಾಡಿ?"

ಹಿಂದಿನ ದಿನದ ಚಿಕ್ಕಪ್ಪನನ್ನ ಕಂಡಿದ್ದ ನರ್ಸು ಸೊಂಟದ ಮೇಲೆ ಕೈಯಿಟ್ಟು ಅಡ್ಡ ನಿಂತಳು. "ಇವರೂ ಎರವಲಾ? ನೀವು ಇವ್ರಿಗೆ ಏನಾಗ್ಬೇಕಮ್ಮ?"

ಆಯಮ್ಮ ಬುಟ್ಟಿಯನ್ನ ದೊಪ್ಪನೆ ಕೆಳಗಿಟ್ಟಿತು. "ಏನಾಗ್ಬೇಕು ಅಂದ್ರೆ? ಹತ್ತು ವರ್ಷದಿಂದ ಬೆಳಗಾದ್ರೆ ಈ ಮನೆಹಾಳನ ಮುಖ ನೋಡಿ, ಬೈದು, ಬೈಸ್ಕೊಂಡು ಬರ್ತಿದೀನಿ. ಒಂದಿನಾನೂ ನನ್ನ ಮಾತು ಕೇಳಿಲ್ಲ ಇವ್ನು, ಒಂದಿನಾನೂ ನಾನೂ ಬಿಟ್ಟಿಲ್ಲ. ಬೇಗ ಕಾಲು ಸರಿ ಮಾಡಿ ಕಳ್ಸಿ, ಇವನಿಗೆ ನಾನು ಇನ್ನೂ ಬೈಯೋದಿದೆ!"

ನರ್ಸು ನನ್ನನ್ನ ನೋಡಿದಳು, ಆಯಮ್ಮನನ್ನ ನೋಡಿದಳು. ಆಮೇಲೆ ಥಿಯೇಟರ್ ಕಡೆ ತಿರುಗಿ ಕೂಗಿದಳು:

"ಸಾರ್, ಪೇಷೆಂಟ್‌ನ ಕರ್ಕೊಂಡು ಬರ್ತೀನಿ. ಈ ಸಲ ಒಡಹುಟ್ಟಿದೋರೇ ಬಂದಿದಾರೆ!"